ಓದುವ ಕಾದಂಬರಿ, ನೋಡುವ ಚಿತ್ರ

ಒಳ್ಳೆಯ ಕಾದಂಬರಿಯೊಂದು ಚಲನಚಿತ್ರವಾಗಿ ತೆರೆಗೆ ಬಂದೊಡನೆ ಓದುಗರಲ್ಲಿ ಒಂದು ಚರ್ಚೆ ತಪ್ಪದೆ ಹುಟ್ಟುತ್ತದೆ. ‘ಪುಸ್ತಕದ ಸೊಗಸು ಚಿತ್ರದಲ್ಲಿ ಬಂದಿಲ್ಲ’ ಎಂದು ಓದಿದವರು ಕೊರಗುತ್ತಾರೆ. ‘ಚಿತ್ರವನ್ನೇ ನೋಡಿದ್ದಾಯಿತು, ಇನ್ನು ಪುಸ್ತಕವೇಕೆ?’ ಎಂದು ಓದದವರು ಕೇಳುತ್ತಾರೆ. ಮೊದಲನೆಯ ಮಾತಿನಲ್ಲಿ ಅಭಿಮಾನವಿದೆ, ಎರಡನೆಯದರಲ್ಲಿ ಅಪಾಯವಿದೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆಂದು ಟಿಕೋಟಾ, ಬಬಲೇಶ್ವರಗಳಿಂದ ವಿಜಯಪುರಕ್ಕೆ ಬಂದವರು ದೇವರ ದರ್ಶನ ಮುಗಿಸಿ, ಒಂದು ಸಿನೆಮಾ ನೋಡಿ ಊರಿಗೆ ಮರಳುತ್ತಿದ್ದ ಕಾಲವೊಂದಿತ್ತು. ಚಿತ್ರ ನೋಡುವುದೆಂಬುದು ಆಗ ವರ್ಷಕ್ಕೊಂದೆರಡು ಸಲದ ಸಂಭ್ರಮ. ಇಂದು ಅದೇ ಚಿತ್ರ ದ್ರಾಕ್ಷಿ ತೋಟದ ಮನೆಯ ಪಡಸಾಲೆಯಲ್ಲಿ, ಅಂಗೈಯಗಲದ ಮೊಬೈಲಿನಲ್ಲಿ, ಬೇಕೆಂದಾಗ ಮೂಡುತ್ತದೆ. ಆದ್ದರಿಂದ ಚಿತ್ರವು ಗ್ರಂಥಕ್ಕೆ ಸಮನಾಗಬಲ್ಲದೆ ಎಂಬ ಪ್ರಶ್ನೆ ಕೇವಲ ರಸಿಕರ ಕಾಲಹರಣದ ವಿಷಯವಾಗಿ ಉಳಿದಿಲ್ಲ. ಮಕ್ಕಳಿಗೆ ಓದು ಕಲಿಸುವವರೆಲ್ಲರ ಪ್ರಶ್ನೆಯಾಗಿದೆ.

ಮೂಲ ಮತ್ತು ಮಾರ್ಪಾಡು

ಪ್ರಶ್ನೆ ಹೊಸದಾಗಿ ಕಂಡರೂ ಅದರ ಬೇರು ಹಳೆಯದು. ನಮ್ಮ ಆಲಂಕಾರಿಕರು ಕಾವ್ಯವನ್ನು ಶ್ರವ್ಯವೆಂದೂ ದೃಶ್ಯವೆಂದೂ ಎರಡಾಗಿ ವಿಂಗಡಿಸಿದರು. ಕೇಳಿ ಆಸ್ವಾದಿಸುವುದು ಒಂದು; ಕಂಡು ಆಸ್ವಾದಿಸುವುದು ಇನ್ನೊಂದು. ಭರತಮುನಿಯು ದೃಶ್ಯಕಾವ್ಯಕ್ಕೆ ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕಗಳೆಂಬ ನಾಲ್ಕು ಬಗೆಯ ಅಭಿನಯಗಳನ್ನು ಹೇಳಿದನು. ಕಾದಂಬರಿಕಾರನ ಕೈಯಲ್ಲಿ ಇರುವುದು ಮಾತೊಂದೇ. ಚಿತ್ರಕಾರನ ಕೈಯಲ್ಲಿ ಮೈಯ ಚಲನೆ, ಮಾತು, ವೇಷಭೂಷಣ, ಕಣ್ಣಂಚಿನ ನೀರು ಎಲ್ಲವೂ ಇವೆ. ಮೇಲಾಗಿ ಬೆಳಕು, ನೆರಳು, ನಾದಗಳೂ ಇವೆ. ಸಾಧನಗಳು ಬೇರೆಯಾದ ಮೇಲೆ ಸಿದ್ಧಿಯೂ ಬೇರೆಯಾಗುವುದು ಸಹಜವೇ ಆಗಿದೆ.

ಮೂಲಕಥೆಯನ್ನು ಮಾರ್ಪಡಿಸುವುದು ದೋಷವೆಂದು ನಮ್ಮ ಪೂರ್ವಿಕರು ಭಾವಿಸಲಿಲ್ಲ. ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ದುರ್ವಾಸರ ಶಾಪವಿಲ್ಲ. ಅದನ್ನು ತಂದವನು ಕಾಳಿದಾಸ. ಆ ಒಂದು ಕಲ್ಪನೆಯಿಂದ ದುಷ್ಯಂತನು ವಂಚಕನೆಂಬ ಅಪವಾದದಿಂದ ಪಾರಾದನು; ನಾಟಕದ ರಸಕ್ಕೆ ಬಂದೊದಗಬಹುದಾಗಿದ್ದ ಭಂಗವೂ ತಪ್ಪಿತು. ‘ವಕ್ರೋಕ್ತಿಜೀವಿತ’ದ ಕರ್ತೃವಾದ ಕುಂತಕನು ಇಂತಹ ಮಾರ್ಪಾಡನ್ನು ಪ್ರಕರಣವಕ್ರತೆಯೆಂದು ಹೆಸರಿಸಿ ಮೆಚ್ಚಿದನು. ಅಷ್ಟಕ್ಕೇ ನಿಲ್ಲದೆ, ಮೂಲದ ಪ್ರಧಾನ ರಸವನ್ನೇ ಬದಲಿಸಿ ಹೊಸ ರಸವನ್ನು ನೆಲೆಗೊಳಿಸುವ ಕೃತಿಗಳನ್ನೂ ಅವನು ಎತ್ತಿ ಹೇಳಿದನು. ಕನ್ನಡದಲ್ಲಿ ಇದಕ್ಕೆ ಪಂಪನಿಗಿಂತ ದೊಡ್ಡ ನಿದರ್ಶನ ಬೇಕಿಲ್ಲ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಆತ ದ್ರೌಪದಿಯನ್ನು ಅರ್ಜುನನೊಬ್ಬನ ಸತಿಯನ್ನಾಗಿ ಮಾಡಿದನು; ಕೊನೆಗೆ ಪಟ್ಟವನ್ನೂ ಅರ್ಜುನನಿಗೇ ಕಟ್ಟಿದನು. ವ್ಯಾಸರ ಮೂಲವನ್ನು ಕಣ್ಣ ಮುಂದಿಟ್ಟುಕೊಂಡು ಅಳೆದರೆ ಪಂಪನು ತಪ್ಪಿದನೆನ್ನಬೇಕಾಗುತ್ತದೆ. ಹಾಗೆಂದು ಯಾವ ಸಹೃದಯನೂ ಪಂಪಭಾರತವನ್ನು ಕೆಳಗಿಟ್ಟಿಲ್ಲ.

ಹೀಗಾಗಿ ‘ಚಿತ್ರವು ಪುಸ್ತಕದಂತೆಯೇ ಇದೆಯೆ?’ ಎಂಬುದು ಸರಿಯಾದ ಪ್ರಶ್ನೆಯಲ್ಲ. ಪುಸ್ತಕದ ಜೀವಾಳವಾದ ಭಾವ ಯಾವುದು, ಅದನ್ನು ಚಿತ್ರವು ತನ್ನ ಸಾಧನಗಳಿಂದ ಮತ್ತೆ ಹುಟ್ಟಿಸಿತೆ ಎಂಬುದೇ ಸರಿಯಾದ ಪ್ರಶ್ನೆ. ಗೋಳಗುಮ್ಮಟದ ಮೊಗಸಾಲೆಯಲ್ಲಿ ಆಡಿದ ಮಾತು ಹಲವು ಸಲ ಮರುದನಿಗೊಟ್ಟು ಕೇಳುವವರನ್ನು ಬೆರಗುಗೊಳಿಸುತ್ತದೆ. ಆದರೆ ಮರುದನಿ ಹೊಸದೇನನ್ನೂ ನುಡಿಯಲಾರದು. ಚಿತ್ರವು ಪುಸ್ತಕದ ಮರುದನಿಯಾದರೆ ಸಾಲದು. ತನ್ನದೇ ದನಿಯಲ್ಲಿ ನುಡಿಯಬೇಕು.

ಬಾಯಿಯಿಂದ ಬರಹಕ್ಕೆ

ಒಂದು ಮಾಧ್ಯಮದಿಂದ ಮತ್ತೊಂದಕ್ಕೆ ಹೋಗುವಾಗ ಕಳೆದುಕೊಳ್ಳುವುದೇನು, ಪಡೆಯುವುದೇನು ಎಂಬುದಕ್ಕೆ ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲೇ ಒಂದು ಉಜ್ವಲ ಉದಾಹರಣೆಯಿದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ಹೊರತಂದರು. ಬೀಸುವ ಕಲ್ಲಿನ ಸದ್ದು, ನಸುಕಿನ ಕತ್ತಲು, ಹಾಡುವಾಕೆಯ ಉಸಿರು, ಒಬ್ಬಳು ಬಿಟ್ಟಲ್ಲಿಂದ ಇನ್ನೊಬ್ಬಳು ಎತ್ತಿಕೊಳ್ಳುವ ಸೊಗಸು, ಇವಾವುವೂ ಅಚ್ಚಿನ ಪುಟಕ್ಕೆ ಬರಲಾರವು. ಆದರೂ ಆ ಪುಸ್ತಕವಾಗದಿದ್ದರೆ, ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿದಂದೇ ಎಷ್ಟೋ ಹಾಡುಗಳು ಹಾಡಿದವರೊಂದಿಗೆ ಮಣ್ಣಾಗುತ್ತಿದ್ದವು. ಕನ್ನಡಕ್ಕೆ ಆದದ್ದು ನಷ್ಟವೂ ಹೌದು, ಲಾಭವೂ ಹೌದು; ಲಾಭವೇ ಹಿರಿದು. ಪುಸ್ತಕದಿಂದ ಚಿತ್ರಕ್ಕೆ ಹೋಗುವ ದಾರಿಯಲ್ಲಿಯೂ ಇದೇ ತಕ್ಕಡಿಯನ್ನು ಹಿಡಿಯಬೇಕು.

ಬೀಳಗಿಯ ಸನಾದಿ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆ ಕಂಡದ್ದು 1934ರಲ್ಲಿ. ಅಲ್ಲಿಂದ ಮುಂದೆ ಬಹುಕಾಲ ನಮ್ಮ ಚಿತ್ರಗಳು ಪುರಾಣಗಳನ್ನೂ ನಾಟಕ ಕಂಪನಿಗಳ ರಂಗಕೃತಿಗಳನ್ನೂ ನೆಚ್ಚಿಕೊಂಡಿದ್ದವು. ಕಾದಂಬರಿಯತ್ತ ಚಿತ್ರರಂಗ ಮುಖ ಮಾಡಿದ್ದು ತಡವಾಗಿ. 1962ರ ‘ಕರುಣೆಯೇ ಕುಟುಂಬದ ಕಣ್ಣು’ ಕಾದಂಬರಿಯೊಂದನ್ನು ಆಧರಿಸಿದ ಮೊದಲ ಕನ್ನಡ ಚಿತ್ರವೆಂದು ಪರಿಗಣಿತವಾಗಿದೆ. ಅದರ ಮೂಲ ‘ಧರ್ಮದೇವತೆ’ ಎಂಬ ಕಾದಂಬರಿ. ಬರೆದವರು ಕೃಷ್ಣಮೂರ್ತಿ ಪುರಾಣಿಕರು. ಪುರಾಣಿಕರ ಹುಟ್ಟೂರು ಬೀಳಗಿ. 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾಗುವವರೆಗೂ ಬೀಳಗಿ ಅಖಂಡ ಬಿಜಾಪುರ ಜಿಲ್ಲೆಯಲ್ಲೇ ಇತ್ತು. ಕನ್ನಡ ಕಾದಂಬರಿಗೆ ಬೆಳ್ಳಿತೆರೆಯ ಬಾಗಿಲನ್ನು ತೆರೆದವರು ಈ ನೆಲದ ಮಗನೆಂಬುದು ಇಲ್ಲಿಯ ವಿದ್ಯಾರ್ಥಿಗಳಲ್ಲಿ ಎಷ್ಟು ಜನಕ್ಕೆ ತಿಳಿದಿದೆಯೋ! ಮರುವರ್ಷ, 1963ರಲ್ಲಿ, ಅವರದೇ ‘ಕುಲವಧು’ ಕೂಡ ಚಿತ್ರವಾಯಿತು.

ಪುರಾಣಿಕರ ಕೃತಿಗಳಲ್ಲಿ ಪ್ರಸ್ತುತ ವಿಷಯಕ್ಕೆ ಅತ್ಯಂತ ಸಮೀಪವಾದುದು ‘ಸನಾದಿ ಅಪ್ಪಣ್ಣ’. ಬೀಳಗಿ ಸೀಮೆಯ ಸನಾದಿ ವಾದಕನೊಬ್ಬನ ಬಾಳೇ ಆ ಕಥೆಗೆ ಪ್ರೇರಣೆಯೆಂಬ ಮಾತು ಪ್ರಚಲಿತವಾಗಿದೆ. 1977ರಲ್ಲಿ ಅದು ಚಿತ್ರವಾದಾಗ ಅಪ್ಪಣ್ಣನ ಪಾತ್ರವನ್ನು ಡಾ. ರಾಜಕುಮಾರ್ ಅವರು ವಹಿಸಿದರು; ಅಪ್ಪಣ್ಣನ ಸನಾದಿಗೆ ಉಸಿರು ತುಂಬಿದವರು ಕಾಶಿಯ ಉಸ್ತಾದ್ ಬಿಸ್ಮಿಲ್ಲಾ ಖಾನರು. ಇಲ್ಲಿ ಚಿತ್ರವು ಪುಸ್ತಕವನ್ನು ಮೀರಿತೆಂದು ಥಟ್ಟನೆ ಹೇಳಬೇಕೆನಿಸುತ್ತದೆ. ನಾದವೇ ಕಥಾವಸ್ತುವಾದ ಕಾದಂಬರಿಯಲ್ಲಿ ನಾದ ಕೇಳಿಸುವುದಿಲ್ಲ. ‘ಸನಾದಿ ಮೊಳಗಿತು, ಕೇಳಿದವರು ಮೈಮರೆತರು’ ಎಂದು ಲೇಖಕನು ಬರೆಯಬಹುದು, ಮೈಮರೆಸಲಾರನು. ಚಿತ್ರವಾದರೋ ಆ ನಾದವನ್ನೇ ತಂದು ಕಿವಿಗೆ ಸುರಿಯಿತು. ಓದು ಬರಹ ಬಾರದ ಒಕ್ಕಲಿಗನೂ ಅದನ್ನು ಕೇಳಿ ತಲೆದೂಗಿದನು.

ಆದರೆ ತುಸು ನಿಂತು ಯೋಚಿಸಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಈ ಭಾಗದ ಜನರಿಗೆ ಸನಾದಿ ಪುಸ್ತಕದಿಂದಾಗಲಿ ಚಿತ್ರದಿಂದಾಗಲಿ ಪರಿಚಯವಾದ ವಾದ್ಯವಲ್ಲ. ಮದುವೆಯ ಹಂದರದಲ್ಲಿ, ಪಲ್ಲಕ್ಕಿಯ ಮುಂದೆ, ಸಂಬಾಳದ ಜತೆಗೂಡಿ ಮೊಳಗಿದ ಸನಾದಿ ಅವರ ಕಿವಿಯಲ್ಲಿದೆ. ಬಬಲೇಶ್ವರದ ಓದುಗನೊಬ್ಬನು ಕಾದಂಬರಿಯನ್ನು ಹಿಡಿದು ಕುಳಿತಾಗ ಅವನ ಒಳಗಿವಿಗೆ ಕೇಳುವುದು ತನ್ನೂರ ಗುಡಿಯ ಮುಂದೆ ಬಾಲ್ಯದಲ್ಲಿ ಕೇಳಿದ ದನಿ. ಟಿಕೋಟೆಯ ಓದುಗನಿಗೆ ಕೇಳುವುದು ಅಕ್ಕನ ಮದುವೆಯ ನಸುಕಿನಲ್ಲಿ ತನ್ನನ್ನು ಎಬ್ಬಿಸಿದ ದನಿ. ಲೇಖಕನು ಮೌನವಾಗಿ ಬಿಟ್ಟ ಜಾಗವನ್ನು ಪ್ರತಿಯೊಬ್ಬ ಓದುಗನೂ ತನ್ನ ನೆನಪಿನಿಂದ ತುಂಬುತ್ತಾನೆ. ಚಿತ್ರವು ಆ ಜಾಗವನ್ನು ಎಲ್ಲರಿಗೂ ಒಂದೇ ನಾದದಿಂದ ತುಂಬಿತು. ಆ ನಾದ ದಿವ್ಯವಾದುದು, ಅನುಮಾನವಿಲ್ಲ. ಆದರೆ ಅದು ಕಾಶಿಯ ಗಂಗೆಯ ತಡಿಯಿಂದ ಬಂದದ್ದು, ಕೃಷ್ಣೆಯ ತಡಿಯದಲ್ಲ. ಚಿತ್ರವು ನಾದವನ್ನು ಕೊಟ್ಟು ನಾದದ ಕಲ್ಪನೆಯನ್ನು ತೆಗೆದುಕೊಂಡಿತು. ಪುಸ್ತಕ ಮತ್ತು ಚಿತ್ರಗಳ ನಡುವಣ ಎಲ್ಲ ಕೊಡುಕೊಳ್ಳುವಿಕೆಯ ತಿರುಳು ಈ ಒಂದು ನಿದರ್ಶನದಲ್ಲಿ ಅಡಗಿದೆ.

ಚಿತ್ರಕ್ಕೆ ಎಟುಕದ್ದು

ಚಿತ್ರಕ್ಕೆ ಸುಲಭವಾಗಿ ಎಟುಕದ ವಿಷಯಗಳು ಮುಖ್ಯವಾಗಿ ಎರಡು: ಮನಸ್ಸಿನ ಒಳಮಾತು ಮತ್ತು ಕಾಲದ ಭಾರ. ಡಾ. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಪ್ರಕಟವಾದ ಕಿರುಗಾತ್ರದ ಕಾದಂಬರಿ. ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ಅದನ್ನು ಚಿತ್ರವಾಗಿಸಿದರು. ಸೆನ್ಸಾರಿನ ಅಡ್ಡಿಯನ್ನು ದಾಟಿ ಬಂದ ಆ ಚಿತ್ರ ರಾಷ್ಟ್ರಪತಿಗಳ ಸ್ವರ್ಣಕಮಲವನ್ನು ಕನ್ನಡಕ್ಕೆ ಮೊದಲ ಬಾರಿ ತಂದುಕೊಟ್ಟಿತು. ಅಗ್ರಹಾರದ ಮೇಲೆ ಕವಿದ ಸಾವಿನ ನೆರಳು, ಸಂಸ್ಕಾರವಿಲ್ಲದೆ ಬಿದ್ದ ಹೆಣ, ಹಸಿವಿನಿಂದ ಬಳಲುವ ಬ್ರಾಹ್ಮಣರು, ಇವೆಲ್ಲ ತೆರೆಯ ಮೇಲೆ ಪುಸ್ತಕಕ್ಕಿಂತ ಹೆಚ್ಚು ತೀಕ್ಷ್ಣವಾಗಿ ಕಾಣುತ್ತವೆ. ಆದರೆ ಪ್ರಾಣೇಶಾಚಾರ್ಯರು ಊರು ಬಿಟ್ಟು ಅಲೆಯತೊಡಗಿದ ಮೇಲೆ ಕಾದಂಬರಿ ನಡೆಯುವುದು ಅವರ ಮನಸ್ಸಿನೊಳಗೆ. ಸಂಶಯ, ಸಮಾಧಾನ, ಮತ್ತೆ ಸಂಶಯ ಹೀಗೆ ಒಂದು ಆಲೋಚನೆ ಇನ್ನೊಂದನ್ನು ಅಟ್ಟಿಸಿಕೊಂಡು ಹೋಗುತ್ತದೆ. ಗಿರೀಶ ಕಾರ್ನಾಡರ ಮುಖ ಆ ತಳಮಳವನ್ನು ತೋರಿಸಬಲ್ಲುದು; ತಳಮಳದ ತರ್ಕವನ್ನು ತೋರಿಸಲಾರದು. ನಡೆಯುತ್ತಿರುವ ಮನುಷ್ಯನನ್ನು ಕ್ಯಾಮರಾ ಹಿಂಬಾಲಿಸಬಹುದೇ ಹೊರತು ಅವನೊಳಗೆ ನಡೆಯುತ್ತಿರುವುದನ್ನಲ್ಲ.

ಡಾ. ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ದ ಕಷ್ಟ ಬೇರೆಯದು. ಕಾರ್ನಾಡ ಮತ್ತು ಬಿ. ವಿ. ಕಾರಂತರು ಜತೆಗೂಡಿ ನಿರ್ದೇಶಿಸಿದ ಆ ಚಿತ್ರಕ್ಕೆ 1971ನೆಯ ಸಾಲಿನ ನಿರ್ದೇಶನದ ರಾಷ್ಟ್ರಪ್ರಶಸ್ತಿ ದೊರೆಯಿತು. ಅಭಿನಯದಲ್ಲಿ, ಸಂಯಮದಲ್ಲಿ ಚಿತ್ರಕ್ಕೆ ಕೊರತೆಯಿಲ್ಲ. ಆದರೆ ಆ ಕಾದಂಬರಿಯ ವಸ್ತು ವರ್ಷಗಳೇ. ಶ್ರೀನಿವಾಸ ಶ್ರೋತ್ರಿಯರ ನಿಷ್ಠೆಯಾಗಲಿ ಸದಾಶಿವರಾಯರ ಗ್ರಂಥರಚನೆಯ ತಪಸ್ಸಾಗಲಿ ಕಾತ್ಯಾಯನಿಯ ಅಳಲಾಗಲಿ ಒಂದು ದಿನದಲ್ಲಿ ಮಾಗಿದ ಸಂಗತಿಗಳಲ್ಲ. ಓದುಗನು ಅನೇಕ ಸಂಜೆಗಳನ್ನು ಆ ಮನೆಗಳಲ್ಲಿ ಕಳೆದು, ಆ ಜನರೊಂದಿಗೆ ತಾನೂ ಹಣ್ಣಾಗುತ್ತಾನೆ. ಪ್ರೇಕ್ಷಕನು ಒಂದು ಸಂಜೆಯಲ್ಲಿ ಎಲ್ಲವನ್ನೂ ಕಂಡು ಎದ್ದುಬರುತ್ತಾನೆ. ಘಟನೆಗಳು ತಿಳಿಯುತ್ತವೆ, ವರ್ಷಗಳು ತಿಳಿಯುವುದಿಲ್ಲ.

ಹಾಗಾದರೆ ಸಣ್ಣ ಕಥೆಗಳು ಚಿತ್ರಕ್ಕೆ ಹೆಚ್ಚು ಒಗ್ಗುತ್ತವೆಯೆ? ಹೌದೆನ್ನಲು ಬಲವಾದ ಆಧಾರವಿದೆ. ಗಿರೀಶ ಕಾಸರವಳ್ಳಿಯವರು 1977ರಲ್ಲಿ ಅನಂತಮೂರ್ತಿಯವರದೇ ‘ಘಟಶ್ರಾದ್ಧ’ ಎಂಬ ಕಥೆಯನ್ನು ಚಿತ್ರವಾಗಿಸಿ ಸ್ವರ್ಣಕಮಲವನ್ನು ಪಡೆದರು. ದೊಡ್ಡ ಕಾದಂಬರಿಯನ್ನು ಎತ್ತಿಕೊಂಡವನು ಕತ್ತರಿಸುತ್ತಲೇ ಹೋಗಬೇಕಾಗುತ್ತದೆ. ಸಣ್ಣ ಕಥೆಯನ್ನು ಎತ್ತಿಕೊಂಡವನಿಗೆ ಬೆಳೆಸುವ ಅವಕಾಶವಿದೆ. ಕತ್ತರಿಸುವ ಕೈಗಿಂತ ಬೆಳೆಸುವ ಕೈ ಸಹಜವಾಗಿಯೇ ಹೆಚ್ಚು ಸ್ವತಂತ್ರವಾದುದು.

ಚಿತ್ರಕ್ಕೆ ಮಾತ್ರ ಸಾಧ್ಯವಾದದ್ದು

ಇನ್ನು ಚಿತ್ರದ ಪಾಲಿನ ಪುಣ್ಯವನ್ನೂ ಹೇಳಲೇಬೇಕು. ಡಾ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರ ಕಾದಂಬರಿ. ತಾನೊಬ್ಬ ಬೇಸಾಯಗಾರನಾಗಬೇಕೆಂಬ ಚೋಮನ ಬಯಕೆ ಬಯಕೆಯಾಗಿಯೇ ಉಳಿಯುತ್ತದೆ; ಹೇಳಲಾರದ ಸಂಕಟವನ್ನು ಅವನು ದುಡಿಯ ಮೇಲೆ ಬಡಿಯುತ್ತಾನೆ. ಬಿ. ವಿ. ಕಾರಂತರು 1975ರಲ್ಲಿ ಅದನ್ನು ಚಿತ್ರಿಸಿದಾಗ ವಾಸುದೇವರಾಯರು ಚೋಮನಾದರು. ಸ್ವರ್ಣಕಮಲ ಚಿತ್ರಕ್ಕೂ ಶ್ರೇಷ್ಠ ನಟನ ಪ್ರಶಸ್ತಿ ಅವರಿಗೂ ಸಂದವು. ಮಾತಿಲ್ಲದವನ ಮಾತು ಆ ದುಡಿ. ಅಕ್ಷರದಲ್ಲಿ ಅದನ್ನು ವರ್ಣಿಸಿದರೆ ಅದು ಮತ್ತೆ ಮಾತೇ ಆಗುತ್ತದೆ. ಚಿತ್ರದಲ್ಲಿಯಾದರೆ ಅದು ಬರಿಯ ಬಡಿತವಾಗಿಯೇ ಎದೆಗೆ ತಾಗುತ್ತದೆ. ಇಲ್ಲಿ ಚಿತ್ರವು ಕಾದಂಬರಿಗೆ ಸಮನಾಗಿ ನಿಂತಿತೆಂದರೆ ಅತಿಶಯೋಕ್ತಿಯಾಗದು.

ನಾ. ಡಿಸೋಜರ ‘ದ್ವೀಪ’ ಇನ್ನೊಂದು ನಿದರ್ಶನ. ಅಣೆಕಟ್ಟಿನ ನೀರು ಏರಿ ಬರುವಾಗ ನೆಲ ಬಿಡಲಾರದೆ ಉಳಿದ ಕುಟುಂಬವೊಂದರ ಕಥೆಯದು. ಕಾಸರವಳ್ಳಿಯವರ ನಿರ್ದೇಶನದಲ್ಲಿ ಅದು ಚಿತ್ರವಾಗಿ ಮತ್ತೊಂದು ಸ್ವರ್ಣಕಮಲಕ್ಕೆ ಪಾತ್ರವಾಯಿತು. ಬಿಡದೆ ಸುರಿಯುವ ಮಲೆನಾಡ ಮಳೆ ಅದರಲ್ಲಿ ಒಂದು ಪಾತ್ರವೇ ಆಗಿದೆ. ಮುಗಿಲು ನೋಡಿ ಬಿತ್ತುವ ವಿಜಯಪುರದ ಬಯಲುಸೀಮೆಯವನು ಅಂತಹ ಮಳೆಯನ್ನು ಪುಟದಲ್ಲಿ ಓದಿ ಊಹಿಸಿಕೊಳ್ಳುವುದು ಕಷ್ಟ. ಚಿತ್ರವು ಅವನನ್ನು ತೋಯಿಸಿಬಿಡುತ್ತದೆ. ಮುಳುಗಡೆಯ ದುಃಖವನ್ನಾದರೋ ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಮನೆ, ಹೊಲ, ಗುಡಿಗಳನ್ನು ಬಿಟ್ಟು ಬಂದವರ ನೆಂಟರು ಈ ಸೀಮೆಯ ಊರೂರುಗಳಲ್ಲಿ ಇದ್ದಾರೆ. ಶರಾವತಿಯ ಕಥೆ ಕೃಷ್ಣೆಯ ಕಥೆಯೂ ಆಗುವುದು ಹೀಗೆ.

ಮುಖ ಮತ್ತು ನುಡಿ

ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ‘ನಾಗರಹಾವು’ ಚಿತ್ರವನ್ನು ತೆಗೆದರು. ಜನ ಅದನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಮೂಲ ಲೇಖಕರಿಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. ತಮ್ಮ ನಾಗರಹಾವು ಕೇರೆಹಾವಾಯಿತೆಂದು ಅವರು ನೊಂದುಕೊಂಡರೆಂಬುದು ಪ್ರಸಿದ್ಧವಾಗಿದೆ. ಇಬ್ಬರಲ್ಲಿ ಯಾರ ಮಾತು ಸರಿ? ಇಬ್ಬರದೂ ಸರಿಯೆನ್ನಬೇಕಾಗುತ್ತದೆ. ಲೇಖಕನು ತಾನು ಹೆತ್ತ ರಾಮಾಚಾರಿಯನ್ನು ಹುಡುಕಿದನು. ಜನರು ತೆರೆಯ ಮೇಲೆ ಹುಟ್ಟಿದ ಹೊಸ ರಾಮಾಚಾರಿಯನ್ನು ಒಪ್ಪಿಕೊಂಡರು. ಅಂದಿನಿಂದ ರಾಮಾಚಾರಿಗೆ ವಿಷ್ಣುವರ್ಧನರ ಮುಖ, ಚಾಮಯ್ಯ ಮೇಷ್ಟರಿಗೆ ಕೆ. ಎಸ್. ಅಶ್ವತ್ಥರ ಮುಖ. ಶಿಷ್ಯನ ತಪ್ಪನ್ನು ಕಂಡೂ ಕೈಬಿಡದ ಗುರುವೆಂದರೆ ಇಂದಿಗೂ ಕನ್ನಡಿಗರಿಗೆ ನೆನಪಾಗುವುದು ಆ ಮುಖವೇ. ಅಧ್ಯಾಪಕ ವೃತ್ತಿಗೆ ಚಿತ್ರವೊಂದು ತಂದ ಗೌರವವನ್ನು ಅಧ್ಯಾಪಕರು ಮರೆಯಬಾರದು. ಆದರೆ ಒಮ್ಮೆ ಮುಖ ಕಂಡ ಮೇಲೆ ಕಾಣದೆ ಕಲ್ಪಿಸಿಕೊಳ್ಳುವುದು ಅಸಾಧ್ಯವೆಂಬುದೂ ಅಷ್ಟೇ ನಿಜ.

ಮುಖಕ್ಕಿಂತಲೂ ಸೂಕ್ಷ್ಮವಾದುದು ನುಡಿ. ಈ ಸೀಮೆಯ ಮಾತಿನ ಬಿರುಸು, ಅದರೊಳಗಿನ ಅಂತಃಕರಣ, ಒಂದೇ ಪದದಲ್ಲಿ ಬೈದು ಬರಮಾಡಿಕೊಳ್ಳುವ ಬಗೆ ಬಹುಕಾಲ ಚಿತ್ರಗಳಲ್ಲಿ ನಗೆಪಾತ್ರಗಳ ಪಾಲಾಗಿತ್ತು. ನಾಯಕನು ಮೈಸೂರು ಕಡೆಯ ಮಾತನಾಡುವನು; ನಗಿಸಲು ಬಂದವನು ಬಿಜಾಪುರದ ಮಾತನಾಡುವನು. ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕವನ್ನು ಟಿ. ಎಸ್. ನಾಗಾಭರಣರು 1997ರಲ್ಲಿ ತೆರೆಗೆ ತಂದಾಗ ಗೋಪಾಲ ವಾಜಪೇಯಿಯವರು ಉತ್ತರ ಕರ್ನಾಟಕದ ನುಡಿಯಲ್ಲಿಯೇ ಸಂಭಾಷಣೆಯನ್ನು ಬರೆದರು. ಈ ನುಡಿಯಲ್ಲಿ ಪ್ರೇಮವನ್ನೂ ನೋವನ್ನೂ ಆಡಬಹುದೆಂಬುದನ್ನು ನಾಡಿಗೆಲ್ಲ ಕೇಳಿಸಿದ್ದು ಚಿತ್ರದ ಸಾಧನೆ. ನುಡಿಯ ವಿಷಯದಲ್ಲಿ ಚಿತ್ರವು ಮೂಲಕ್ಕೆ ದ್ರೋಹ ಬಗೆಯಬಹುದು; ಮನಸ್ಸು ಮಾಡಿದರೆ ಮೂಲಕ್ಕಿಲ್ಲದ ಉಸಿರನ್ನೂ ಕೊಡಬಹುದು.

ಮಾಡಬೇಕಾದದ್ದು

ಮೇಲಿನ ವಿವೇಚನೆಯಿಂದ ಒಂದು ನಿಲುವಿಗೆ ಬರಬಹುದು. ನಾದ, ಮುಖ, ಮಳೆ, ಬೆಳಕು ಇವುಗಳಲ್ಲಿ ಚಿತ್ರವು ಗ್ರಂಥಕ್ಕೆ ಸಮನಾಗಬಲ್ಲದು. ಕೆಲವೆಡೆ ಮೀರಲೂ ಬಲ್ಲದು. ಒಳಮನಸ್ಸು, ಕಾಲ, ಕಲ್ಪನೆಯ ಸ್ವಾತಂತ್ರ್ಯ ಇವುಗಳಲ್ಲಿ ಗ್ರಂಥದ ಸ್ಥಾನವನ್ನು ಅದು ತುಂಬಲಾರದು. ಹೀಗಿರುವಾಗ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂಬುದೇ ಅವಿವೇಕ. ಚಿತ್ರವು ಗ್ರಂಥವನ್ನು ಕೊಲ್ಲುವುದಿಲ್ಲ. ಚಿತ್ರವನ್ನು ನೋಡಿದ ಮೇಲೆ ಗ್ರಂಥವನ್ನು ತೆರೆಯದಿರುವ ನಮ್ಮ ಆಲಸ್ಯ ಅದನ್ನು ಕೊಲ್ಲುತ್ತದೆ.

ಆ ಸಾವು ಕಣ್ಣೆದುರಿಗೇ ನಡೆಯುತ್ತಿದೆ. ‘ಸನಾದಿ ಅಪ್ಪಣ್ಣ’ ಎಂದೊಡನೆ ನಟರನ್ನೂ ಹಾಡನ್ನೂ ನೆನೆಯುವವರು ಮನೆಮನೆಯಲ್ಲಿದ್ದಾರೆ. ಅದನ್ನು ಬರೆದವರಾರೆಂದು ಕೇಳಿದರೆ ತಡವರಿಸುವವರೇ ಹೆಚ್ಚು. ಬೀಳಗಿಯಿಂದ ಬಂದ ಕಥೆ ಕಾಶಿಯ ನಾದವನ್ನು ಕೂಡಿ ಬೆಂಗಳೂರಿನಲ್ಲಿ ಬೆಳಗಿ ಮತ್ತೆ ಈ ಸೀಮೆಗೇ ಮರಳಿತು. ಮರಳುವಾಗ ಅದರ ಕರ್ತೃವಿನ ಹೆಸರು ದಾರಿಯಲ್ಲಿ ಉದುರಿಹೋಯಿತು. ಹುಟ್ಟಿದ ನೆಲವೇ ತನ್ನ ಲೇಖಕನನ್ನು ಮರೆತರೆ ಬೇರೆಯವರು ನೆನೆಯಬೇಕೆಂದು ಅಪೇಕ್ಷಿಸುವುದು ಹೇಗೆ?

ಇದಕ್ಕೆ ಮದ್ದು ಶಾಲೆಯಲ್ಲಿದೆ. ಚಿತ್ರವಾಗಿರುವ ಕನ್ನಡ ಕೃತಿಗಳದೊಂದು ಕಪಾಟನ್ನು ಪ್ರತಿಯೊಂದು ಶಾಲೆಯ ಗ್ರಂಥಾಲಯದಲ್ಲಿ ಇಡುವುದು ಹೆಚ್ಚಿನ ವೆಚ್ಚದ ಕಾರ್ಯವಲ್ಲ. ಊರಿನ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಒಬ್ಬೊಬ್ಬರು ಒಂದೆರಡು ಪುಸ್ತಕಗಳನ್ನು ಕೊಟ್ಟರೆ ಒಂದು ವರ್ಷದಲ್ಲಿ ಅದು ತುಂಬುತ್ತದೆ. ಅಧ್ಯಾಪಕರು ಒಂದು ಅಧ್ಯಾಯವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ, ಆ ಭಾಗವನ್ನು ಮಕ್ಕಳು ತಮ್ಮ ಮಾತಿನಲ್ಲಿ ಬರೆದ ಮೇಲೆ ಚಿತ್ರದ ಅದೇ ಭಾಗವನ್ನು ತೋರಿಸಲಿ. ‘ನೀವು ಕಂಡ ಅಪ್ಪಣ್ಣನಿಗೂ ತೆರೆಯ ಅಪ್ಪಣ್ಣನಿಗೂ ಭೇದವೇನು?’ ಎಂದು ಕೇಳಲಿ. ಆ ಭೇದವನ್ನು ಹೇಳಬಲ್ಲ ಮಗು ಓದಲೂ ಕಲಿತಿದೆ, ನೋಡಲೂ ಕಲಿತಿದೆ ಎಂದು ತಿಳಿಯಬೇಕು. ಓದು ಮೊದಲು, ನೋಟ ಆಮೇಲೆ ಎಂಬ ಕ್ರಮವನ್ನು ಮಾತ್ರ ತಪ್ಪಿಸಬಾರದು. ಮೊದಲು ತನ್ನೂರ ಸನಾದಿಯನ್ನು ಒಳಗಿವಿಯಲ್ಲಿ ಕೇಳಿಸಿಕೊಂಡ ಮಗುವಿಗೆ ಆಮೇಲೆ ಕಾಶಿಯ ಸನಾದಿಯೂ ದಕ್ಕುತ್ತದೆ.